ಹೂವಿನ ಗಿಡ ಆದಾಕಿಯ ಕೈಗಳು

ನಮ್ಮ ಸುರೇಬಾನದ ಮಗ್ಗುಲಿಗೆ ಶಬರಿಕೊಳ್ಳ ಐತಿ. ಶಬರಿ ರಾಮನಿಗೆ ಬಾರಿಹಣ್ಣು ಕೊಟ್ಟದ್ದು ಇಲ್ಲೇ ಅಂತ ನಮ್ಮ ಕಡೆ ಮಂದಿ ನಂಬ್ಯಾರ. ಒಂದೊಂದೇ ಹಣ್ಣು ಕಚ್ಚಿ, ಸಿಹಿ ನೋಡಿ, ಎಂಜಲು ಹಣ್ಣನ್ನೇ ದೇವರಿಗೆ ಕೊಟ್ಟಳೆಂದು ಸಣ್ಣ ಹುಡುಗರೂ ಹೇಳುತ್ತಾರೆ. ವಾಲ್ಮೀಕಿಯ ರಾಮಾಯಣದಲ್ಲಿ ಈ ಎಂಜಲಿನ ಮಾತಿಲ್ಲ. ಅಲ್ಲಿ ಶಬರಿ ಕಾಡಿನ ಫಲ ಕೂಡಿಸಿಟ್ಟು ಅತಿಥಿಯನ್ನು ಸತ್ಕರಿಸುತ್ತಾಳೆ, ಆಮೇಲೆ ಬೆಂಕಿಗೆ ಬಿದ್ದು ಸ್ವರ್ಗಕ್ಕೆ ಹೋಗುತ್ತಾಳೆ. ಎಂಜಲು ಸೇರಿಸಿದವರು ಮುಂದೆ ಬಂದ ಕಥೆಗಾರರು, ಭಕ್ತರು. ಕಾಡಿನ ಹೆಣ್ಣಿನ ಎಂಜಲನ್ನು ದೇವರ ಬಾಯಿಗೆ ಇಟ್ಟ ಆ ತಿದ್ದುಪಡಿ ಮೂಲಕ್ಕಿಂತ ದೊಡ್ಡದು ಎಂದು ನಾನು ತಿಳಿದಿದ್ದೇನೆ.

ಆದ್ದರಿಂದ 'ಮೂಲ ಕಥೆ ಕೆಡಿಸ್ಯಾರ' ಎಂಬ ಪಂಡಿತರ ತಕರಾರು ನನ್ನದಲ್ಲ. ಅದ್ಭುತ ಕಥೆಗಳು ಪುಸ್ತಕದಿಂದ, ಬಾಯಿಂದ ಸಿನಿಮಾಕ್ಕೆ ಹೋಗುವಾಗ ಬದಲಾಗಲೇಬೇಕು. ಬದಲಾಯಿಸುವಾಗ ಯಾರನ್ನು ಒಳಗೆ ಕರೆದರು, ಯಾರನ್ನು ಹೊರಗೆ ನಿಲ್ಲಿಸಿದರು, ಅಷ್ಟು ಲೆಕ್ಕ ಕೊಡಲಿ.

ಹೂವಿನ ಗಿಡವಾಗುವ ಹುಡುಗಿಯ ಕಥೆ ನಿಮ್ಮಲ್ಲಿ ಬಹಳ ಮಂದಿ ಕೇಳಿರುತ್ತೀರಿ. 1950ರ ದಶಕದಲ್ಲಿ ಬೆಳಗಾವಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಎ.ಕೆ. ರಾಮಾನುಜನ್ ಈ ಕಥೆಯ ಕನ್ನಡ ಪಾಠಗಳನ್ನು ಕೂಡಿಸಿ ಇಂಗ್ಲಿಷಿಗೆ ಒಯ್ದರು. ಅವರು ತೀರಿಕೊಂಡ ಮೇಲೆ, 1997ರಲ್ಲಿ ಬಂದ ಅವರ ಕಥೆಗಳ ಪುಸ್ತಕಕ್ಕೆ ಈ ಕಥೆಯದೇ ಹೆಸರು. 2006ರಲ್ಲಿ ವಿಯೆನ್ನಾದಲ್ಲಿ ಜಾನ್ ಆಡಮ್ಸ್ ಎಂಬ ಅಮೆರಿಕದ ಸಂಗೀತಗಾರ ಇದನ್ನೇ ಆಪೆರಾ ಮಾಡಿದ. ನಾನು ಇದನ್ನು ಕೇಳಿದ್ದು ನಮ್ಮ ಆಯಿಯ ಬಾಯಿಂದ, ಶೇಂಗಾ ಬಿಡಿಸುವಾಗ. ಆಕೆಗೆ ರಾಮಾನುಜನ್ ಯಾರು ಅಂತ ಗೊತ್ತಿರಲಿಲ್ಲ. ಆದರೂ ಇಬ್ಬರ ಕಥೆ ಹೆಚ್ಚುಕಡಿಮೆ ಒಂದೇ.

ಒಬ್ಬ ಮುದುಕಿ. ಕಂಡವರ ಮನಿ ಕಸಾ ಮುಸುರಿ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕತಾಳ. ಸಣ್ಣಾಕಿ ಅಕ್ಕಗ ಹೇಳತಾಳ: ಅವ್ವ ನಮಗಾಗಿ ದುಡಿದು ಸಾಯಾಕತ್ಯಾಳ, ನಾ ಗಿಡ ಆಗತೀನಿ, ನೀ ಹೂ ಹರಕೊಂಡು ಮಾರು. ಉಗುರು ಸೋಕದಂಗ ಒಂದು ಕೊಡ ನೀರು ಹಾಕಿದರ ಗಿಡ, ಇನ್ನೊಂದು ಕೊಡ ಹಾಕಿದರ ತಿರುಗಿ ಹುಡುಗಿ.

ಗೆಳೆಯರೇ, ಇದನ್ನು ನಾವು ಮಾಯದ ಕಥೆ ಎನ್ನುತ್ತೇವೆ. ಆದರೆ ಮಾಯ ಶುರುವಾದದ್ದು ಎಲ್ಲಿಂದ? ಅವ್ವನ ಕೂಲಿಯಿಂದ. ಗಿಡವಾಗುವುದು ಆ ಹುಡುಗಿಯ ದುಡಿಮೆ. ಹೂವು ಅರಮನೆಗೆ ಹೋಗುತ್ತದೆ, ಹಣ ಮನೆಗೆ ಬರುತ್ತದೆ. ರಾಜನ ಮಗ ಅದನ್ನು ಕಂಡು ಮದುವೆಯಾಗಿ, ರಾತ್ರಿ ರಾತ್ರಿ ಗಿಡವಾಗು ಎಂದು ದುಂಬಾಲು ಬೀಳುತ್ತಾನೆ. ಅವನ ತಂಗಿ ಗೆಳತಿಯರನ್ನು ಕಟ್ಟಿಕೊಂಡು ಬಂದು ಗಿಡವಾಗಿಸಿ, ಹೂ ಹರಿದು, ಟೊಂಗೆ ಮುರಿದು, ನೀರನ್ನು ಹೆಂಗೆ ಬೇಕಾದಂಗೆ ಚೆಲ್ಲಿ ಓಡಿಹೋಗುತ್ತಾಳೆ. ಕೈಯಿಲ್ಲ, ಕಾಲಿಲ್ಲ, ಬರೀ ಒಂದು ಮುಂಡ ಚರಂಡಿಯಲ್ಲಿ ನರಳುತ್ತ ಬೀಳುತ್ತದೆ. ಆಕೆಯ ಮೈಮೇಲೆ ರುಮಾಲಿನ ತುಂಡು ಹೊದಿಸಿ ಎತ್ತಿಕೊಂಡು ಹೋದವರು ಹತ್ತಿ ಗಾಡಿ ಹೊಡೆಯುವವರು. ರಾಜನೂ ಅಲ್ಲ, ಪುರೋಹಿತನೂ ಅಲ್ಲ. ಕಡೆಗೆ ಗಂಡ ಆಕೆಯ ಗುರುತು ಹಿಡಿಯುತ್ತಾನೆ. ನೀರು ಹಾಕಿ, ಮುರಿದ ಟೊಂಗೆಗಳನ್ನು ಒಂದೊಂದಾಗಿ ಕೂಡಿಸಿ, ಮತ್ತೆ ನೀರು ಹಾಕುತ್ತಾನೆ. ಆಕೆ ಕೈಕಾಲು ಸಮೇತ ಎದ್ದು ನಿಲ್ಲುತ್ತಾಳೆ.

ಈ ಕಥೆಯನ್ನು ಗಿರೀಶ ಕಾರ್ನಾಡರು 1992ರಲ್ಲಿ 'ಚೆಲುವಿ' ಎಂಬ ಹಿಂದಿ ಚಿತ್ರ ಮಾಡಿದರು. ಸೋನಾಲಿ ಕುಲಕರ್ಣಿ ಚೆಲುವಿ. ರಾಜ ಹೋಗಿ ಊರ ಮುಖ್ಯಸ್ಥ ಬಂದಿದ್ದಾನೆ, ಅರಮನೆ ಹೋಗಿ ದೊಡ್ಡಮನೆ ಬಂದಿದೆ. ಇದು ಒಳ್ಳೆಯ ತಿದ್ದುಪಡಿ. ರಾಜನನ್ನು ನಾವು ಕಂಡಿಲ್ಲ. ದೊಡ್ಡಮನೆಯ ಹಿತ್ತಲ ಬಾಗಿಲು ನಮಗೆ ಚೆನ್ನಾಗಿ ಗೊತ್ತು. ಬದಲಾದದ್ದು ಕೊನೆ. ಗಂಡ ಟೊಂಗೆ ಹುಡುಕಿಕೊಂಡು ಹೋದರೆ ಕಾಡೇ ಇಲ್ಲ, ಕಡಿದು ಸಾಗಿಸಿಬಿಟ್ಟಿದ್ದಾರೆ. ಚೆಲುವಿ ಮುಂಡವಾಗಿಯೇ ಉಳಿಯುತ್ತಾಳೆ. ಪರಿಸರ ಸಂರಕ್ಷಣೆಯ ಚಿತ್ರವೆಂದು ಇದಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಚಿತ್ರ ಕೆಟ್ಟದ್ದೆಂದು ನಾನು ಹೇಳಲಾರೆ. ಕಾಡು ಕಡಿದದ್ದು ಸುಳ್ಳಲ್ಲ. ಆದರೆ ಆ ಹುಡುಗಿ ಕಾಡಲ್ಲ, ಕೂಲಿಯವಳ ಮಗಳು. ಆಕೆಯನ್ನು 'ಪ್ರಕೃತಿ' ಎಂದು ಕರೆದ ಕೂಡಲೇ ಆಕೆಯ ಕೂಲಿ ಮರೆತುಹೋಗುತ್ತದೆ. ಪ್ರಕೃತಿಗೆ ಎಲ್ಲರೂ ಮರುಗುತ್ತಾರೆ. ದೊಡ್ಡಮನೆಯವರೂ ಮರುಗುತ್ತಾರೆ.

ಹೊರದೇಶದಲ್ಲೂ ಇದೇ ಹಾಡು. ಹಾಸ್ಟೆಲಿನಲ್ಲಿದ್ದಾಗ ಡಿಕ್ಷನರಿ ಮಗ್ಗುಲಿಗಿಟ್ಟುಕೊಂಡು ಹ್ಯಾರಿ ಪಾಟರ್ ಓದಿದೆ, ಆಮೇಲೆ ಗೆಳೆಯನ ಮೊಬೈಲಿನಲ್ಲಿ ಸಿನಿಮಾ ನೋಡಿದೆ. ಆ ಮಾಂತ್ರಿಕ ಶಾಲೆಯ ಅಡಿಗೆಮನೆಯಲ್ಲಿ ನೂರಕ್ಕೂ ಹೆಚ್ಚು ಎಲ್ಫ್‌ಗಳು ಸಂಬಳವಿಲ್ಲದೆ ದುಡಿಯುತ್ತಾರೆ. ಹುಟ್ಟಿನಿಂದಲೇ ಜೀತ. 2000ದಲ್ಲಿ ಬಂದ ನಾಲ್ಕನೆಯ ಕಾದಂಬರಿಯಲ್ಲಿ ಹರ್ಮಯನಿ ಎಂಬ ಹುಡುಗಿಗೆ ಈ ಸಂಗತಿ ತಿಳಿದು ಗಂಟಲೊಳಗೆ ತುತ್ತು ಇಳಿಯುವುದಿಲ್ಲ. ಆಕೆ ಸಂಘ ಕಟ್ಟಿ ಬ್ಯಾಡ್ಜು ಹಂಚುತ್ತಾಳೆ. 2005ರ ಸಿನಿಮಾದಲ್ಲಿ ಆ ಸಂಘವೂ ಇಲ್ಲ, ಅಡಿಗೆಮನೆಯೂ ಇಲ್ಲ. ಕಡೆಯ ಕಾದಂಬರಿಯಲ್ಲಿ ಅದೇ ಎಲ್ಫ್‌ಗಳು ಅಡಿಗೆಮನೆಯ ಚೂರಿ ಹಿಡಿದು ಯುದ್ಧಕ್ಕೆ ನುಗ್ಗುತ್ತಾರೆ. 2011ರ ಸಿನಿಮಾದಲ್ಲಿ ಅದೂ ಇಲ್ಲ. ಆದರೆ ಡಾಬಿ ಎಂಬ ಎಲ್ಫ್ ಒಡೆಯನ ಮಗನ ವಯಸ್ಸಿನ ಹುಡುಗನಿಗಾಗಿ ಪ್ರಾಣ ಬಿಡುವುದು 2010ರ ಸಿನಿಮಾದಲ್ಲಿ ಪೂರ್ತಿ ಐತಿ. ನಾನೂ ಅತ್ತೆ.

ಲೇಖಕಿ ರೋಲಿಂಗ್ ಏನು ನಮ್ಮ ಪಕ್ಷವಲ್ಲ. ಎಲ್ಫ್‌ಗಳಿಗೆ ಜೀತವೇ ಇಷ್ಟ ಎಂದು ಆಕೆಯ ಪಾತ್ರಗಳು ಮತ್ತೆ ಮತ್ತೆ ಹೇಳುತ್ತವೆ, ಹರ್ಮಯನಿಯ ಸಂಘ ನಗೆಪಾಟಲಾಗುತ್ತದೆ. 'ಅವರಿಗೆ ಅದ ರೂಢಿ ಐತಿ ಬಿಡ್ರಿ' ಎಂಬ ಮಾತು ನಾವು ನಮ್ಮೂರಲ್ಲೇ ಕೇಳಿದ್ದೇವೆ. ಆದರೂ ಪುಸ್ತಕದಲ್ಲಿ ಜಗಳ ಇತ್ತು. ಸಿನಿಮಾ ಉದ್ದವಾಯಿತೆಂದು ಕತ್ತರಿ ಹಾಕಿದರು. ಕತ್ತರಿ ಮೊದಲು ಅಡಿಗೆಮನೆಯ ಮೇಲೇ ಯಾಕೆ ಬೀಳುತ್ತದೆ? (ಮಾಸ್ತರರೇ, ನಿಮ್ಮ ಶಾಲೆಯ ವಾರ್ಷಿಕೋತ್ಸವದ ಫೋಟೋದಲ್ಲಿ ಬಿಸಿಯೂಟದ ಅಡಿಗೆಯವರು ಅದಾರೇನು, ಒಮ್ಮೆ ನೋಡ್ರಿ.)

ನಮ್ಮ ಸಾವು, ನಮ್ಮ ಮುಂಡ ತೋರಿಸಲಿಕ್ಕೆ ಇವರಿಗೆ ರೀಲು ಸಾಕಾಗುತ್ತದೆ. ನಾವು ಎದ್ದು ನಿಲ್ಲುವುದಕ್ಕೆ ಮಾತ್ರ ಸಾಲುವುದಿಲ್ಲ. ಚೆಲುವಿಯ ಕೈ ತಿರುಗಿ ಬಂದದ್ದನ್ನು ಕಿತ್ತವರೂ ಅಡಿಗೆಮನೆಯ ಚೂರಿ ಕಿತ್ತವರೂ ಒಂದೇ ಕೆಲಸ ಮಾಡಿದ್ದಾರೆ.

ಇಷ್ಟು ಬರೆದು, ಗೆದ್ದೆ ಅಂತ ನಮ್ಮವ್ವಗ ಓದಿ ತೋರಿಸಿದೆ. ಮೊದಲು 'ಚೆಲುವಿ'ಯನ್ನೂ ಕೂಡಿಸಿ ತೋರಿಸಿದ್ದೆ. ಆಕೆಗೆ ಹಿಂದಿ ಬರುವುದಿಲ್ಲ, ಕಥೆ ಗೊತ್ತಿತ್ತು. ನಮ್ಮವ್ವನ ಬಲಗೈಯ ಎರಡು ಬೆರಳು ಜ್ವಾಳದ ರಾಶಿ ಮಷೀನಿನಾಗ ಹೋಗ್ಯಾವ. ಮಷೀನಿನವ ಒಂದು ರೂಪಾಯಿ ಕೊಡಲಿಲ್ಲ.

"ಸಿನಿಮಾದಾಗಿಂದ ಖರೇ ಐತಿ," ಅಂದಳು. "ಹೋದ ಕೈ ಯಾರಿಗಿ ಬಂದಾವ?"

"ಹಂಗಾದರ ಆಯಿ ಯಾಕ ಕೈ ಬಂದು ಅಂತ ಹೇಳತಿದ್ಲು ಬೇ?"

"ನಿಮಗ ನಿದ್ದಿ ಬರಲಿ ಅಂತ. ನೀವು ಮಲಗಿದ ಮ್ಯಾಲೆ ಆಕಿ ಅಳೂದು ನೀವ ಯಾವಾಗ ನೋಡೀರಿ?"

ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಮೇಲೆ ಬರೆದದ್ದನ್ನು ಅಳಿಸಲಿಕ್ಕೂ ಮನಸ್ಸಾಗಲಿಲ್ಲ, ಹಂಗೇ ಬಿಟ್ಟಿದ್ದೇನೆ.

ಮರುದಿನ ನಮ್ಮ ಕೇರಿಯಲ್ಲಿ ಸಂಜೆ ಅಭ್ಯಾಸಕ್ಕೆ ಕೂಡುವ ಹುಡುಗರಿಗೆ ಎರಡೂ ಕೊನೆ ಹೇಳಿ, ಯಾವುದು ಚಲೋ ಅಂತ ಕೇಳಿದೆ. ಆರನೆತ್ತೆಯ ಹುಡುಗಿಯೊಬ್ಬಳಿಗೆ ಸಿನಿಮಾದ ಕೊನೆ ತಿಳಿಯಲೇ ಇಲ್ಲ. "ಟೊಂಗಿ ಯಾರು ಒಯ್ದಾರ ಅಂತ ಗೊತ್ತೈತಲ್ರಿ ಸರ, ಅವರ ಮನಿಗೆ ಹೋಗಿ ತರಾಕ ಬರೂದಿಲ್ಲೇನ್ರಿ?" ಅಂದಳು. ಹಿಂದೆ ಕುಂತ ಹುಡುಗ, ಅದಕ್ಕ ಒಂದು ಟ್ರ್ಯಾಕ್ಟರ್ ಬೇಕಾಗತೈತಿ ಅಂದ.