ಏರು ಹತ್ತುವ ಲೆಕ್ಕ

ಕೊಪ್ಪ ಸೀಮೆಯಲ್ಲಿರುವ ನಮ್ಮ ಭಾವನ ಊರಿನ ಮನೆಗೆ ಪುನರ್ವಸು ಮಳೆಯಲ್ಲಿ ಹೋದವರಿಗೆಲ್ಲ ಆ ಏರು ಗೊತ್ತು. ಡಾಂಬರು ಬಿಟ್ಟು ಎಡಕ್ಕೆ ಹೊರಳಿದರೆ ಮುಕ್ಕಾಲು ಕಿಲೋಮೀಟರ್ ಮಣ್ಣು ದಾರಿ. ಅದು ಮುಗಿಯುವಲ್ಲಿ ಹಳೇ ಹಲಸಿನ ಮರ. ಮರದ ಬುಡದಿಂದ ಅಂಗಳದವರೆಗೆ ನಲವತ್ತು ಮಾರು ಕಡಿದಾದ ಚಡಾವು, ಹಾಸಿದ ಜಂಬಿಟ್ಟಿಗೆಯ ಮೇಲೆಲ್ಲ ಹಾವಸೆ. ಈ ಸಲ ಭಾವನ ಕಾರು ಅರ್ಧ ಹತ್ತಿ ನಿಂತಿತು, ಮುಂದಿನ ಚಕ್ರಗಳು ಸುಮ್ಮನೆ ತಿರುಗಿದವು, ಗಾಡಿ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಹಿಂದೆ ಕೂತಿದ್ದ ಅಕ್ಕನ ಅತ್ತೆ ಶೃಂಗೇರಿ ಶಾರದೆಯನ್ನು ಕರೆದರು. ಬಂದದ್ದು ಪಕ್ಕದ ತೋಟದ ಜೀಪು. ಮೂವತ್ತು ವರ್ಷದ ಹಳೇ ಮಹೀಂದ್ರಾ, ಬಾಗಿಲೂ ಇಲ್ಲ. ಡ್ರೈವರ್ ಹಗ್ಗ ಕಟ್ಟಿ, ಸಣ್ಣ ಗೇರ್ ಕಡ್ಡಿ ಎಳೆದು ಲೋಗೆ ಹಾಕಿ, ಬೀಡಿ ಕಚ್ಚಿಕೊಂಡೇ ಎಳೆದು ಅಂಗಳಕ್ಕೆ ತಂದು ಬಿಟ್ಟ.

ಅವತ್ತು ರಾತ್ರಿಯೇ ತೀರ್ಮಾನವಾಯಿತು: ಹೊಸ ಡೀಸೆಲ್ ಫೋರ್ ಬೈ ಫೋರ್ ತಗೊಳ್ಳಬೇಕು. ಅಲ್ಲಿಂದೀಚೆಗೆ ಭಾವ ತಾವು ಕೆಲಸದಲ್ಲಿರುವ ಬೆಂಗಳೂರಿನ ಶೋರೂಮುಗಳನ್ನೆಲ್ಲ ಸುತ್ತಿದ್ದಾರೆ. "ವಾರವಾರ ಪೇಪರಲ್ಲಿ ಊರಿಗೆಲ್ಲ ಬುದ್ಧಿ ಹೇಳ್ತೀಯ, ಮನೆಯವರಿಗೆ ಒಂದು ಉತ್ತರ ಕೊಡೋಕಾಗಲ್ವ?" ಎಂದು ಅಕ್ಕ ಕೇಳಿದ್ದರಿಂದ ಈ ವಾರದ ಅಂಕಣ ಮನೆಯವರಿಗೆ ಮೀಸಲು.

ಭಾವನದು ಎರಡು ಪ್ರಶ್ನೆ. ಡೀಸೆಲ್ಲೋ ಪೆಟ್ರೋಲೋ? ಎರಡು ಚಕ್ರಕ್ಕೆ ಬಲವೋ ನಾಲ್ಕಕ್ಕೋ? ನಮ್ಮ ಮಾರುಕಟ್ಟೆಯಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಸ್ಕಾರ್ಪಿಯೋ-ಎನ್ ಪೆಟ್ರೋಲಿನಲ್ಲೂ ಇದೆ, ಥಾರ್ ರಾಕ್ಸ್ ಕೂಡ ಇದೆ; ಆದರೆ ಎರಡರಲ್ಲೂ ಫೋರ್ ಬೈ ಫೋರ್ ಬೇಕೆಂದರೆ ಡೀಸೆಲ್ಲನ್ನೇ ಕೊಡುತ್ತಾರೆ. ಫಾರ್ಚೂನರ್ ಕಥೆಯೂ ಅದೇ, ಬೆಲೆ ಮಾತ್ರ ಬೇರೆ ಲೋಕದ್ದು. ಪೆಟ್ರೋಲಿನ ಜಿಮ್ನಿ ಇದೆ, ಹತ್ತುವುದರಲ್ಲಿ ಕೋತಿಮರಿ. ಆದರೆ ನಾಲ್ಕೇ ಸೀಟು, ಆರು ಮಂದಿಯ ಮನೆಗೆ ಆಗಿಬರುವುದಿಲ್ಲ. ಟಾಟಾ 2021ರಲ್ಲಿ ಸಫಾರಿ ಹೆಸರನ್ನು ಮತ್ತೆ ತಂದಿತಾದರೂ ಆ ಗಾಡಿ ಮುಂದಿನ ಚಕ್ರಗಳ ಬಲದಲ್ಲೇ ಓಡುತ್ತದೆ. ಹಾಗಾಗಿ ನಲವತ್ತು ಮಾರು ಏರಿಗಾಗಿ ನಾಲ್ಕು ಚಕ್ರಕ್ಕೆ ಬಲ ಬೇಕೆಂದವರು ಡೀಸೆಲ್ ಎಂಜಿನ್ನಿನ ಉಪಚಾರಕ್ಕೂ ತಯಾರಿರಬೇಕು.

ಉಪಚಾರ ಎಂದದ್ದು ತಮಾಷೆಗಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಮಾರುತಿ ಡೀಸೆಲ್ಲಿನ ಸಹವಾಸವೇ ಬೇಡವೆಂದು ಕೈಬಿಟ್ಟಿತು. ಡೀಸೆಲ್ ಉಳಿಸಿಕೊಂಡವರು ಹೊಗೆನಳಿಗೆಗೆ ಒಂದು ಜರಡಿ ಕೂರಿಸಿದರು. ಡಿಪಿಎಫ್ ಅನ್ನುವುದು ಇದನ್ನೇ. ಮಸಿಯನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತದೆ. ಹಿಡಿದ ಮಸಿಯನ್ನು ಆಗಾಗ ಸುಡಬೇಕು, ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು, ಆ ಶಾಖ ಏಳಬೇಕಾದರೆ ಗಾಡಿ ಕಾಲು ಗಂಟೆಯಾದರೂ ಒಂದೇ ಸಮನೆ ಓಡಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅದೆಲ್ಲಿ ಸಾಧ್ಯ? ಮಸಿ ಅರ್ಧ ಸುಡುವಷ್ಟರಲ್ಲಿ ನಾವು ಗಾಡಿ ಆಫ್ ಮಾಡುತ್ತೇವೆ. ಹೀಗೇ ಹತ್ತಾರು ಸಲ ಆದರೆ ಸುಡಲೆಂದು ಹೆಚ್ಚಾಗಿ ಚಿಮ್ಮಿಸಿದ ಡೀಸೆಲ್ ಎಂಜಿನ್ ಆಯಿಲಿಗೂ ಇಳಿದು ಅದನ್ನು ತೆಳ್ಳಗೆ ಮಾಡುತ್ತದೆ.

ಇದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ನಾನು ಹಿಂದೆ ಇಟ್ಟುಕೊಂಡಿದ್ದ ಡೀಸೆಲ್ ಗಾಡಿ (ಯಾವುದೆಂದು ಕೇಳಬೇಡಿ) ಒಂದು ಮಳೆಗಾಲ ಪೂರ್ತಿ ಮನೆಯಿಂದ ತರಕಾರಿ ಅಂಗಡಿಗೆ, ಅಲ್ಲಿಂದ ಮನೆಗೆ ಓಡಾಡಿಕೊಂಡಿತ್ತು. ಒಂದು ದಿನ ಮೀಟರಿನಲ್ಲಿ ಕಿತ್ತಳೆ ಬಣ್ಣದ ದೀಪ ಹತ್ತಿತು. ರಾತ್ರಿ ಹನ್ನೊಂದಕ್ಕೆ ಒಬ್ಬನೇ ಹೊರಟೆ. ನೆಲಮಂಗಲ ದಾಟಿ, ಮೂರನೇ ಗೇರಿನಲ್ಲಿ ಎಂಜಿನ್ನನ್ನು ಕೂಗಿಸುತ್ತಾ ಕುಣಿಗಲ್‌ವರೆಗೆ ಹೋದೆ. ದೀಪ ಆರಿತು. ಲಾರಿ ಡ್ರೈವರುಗಳ ನಡುವೆ ನಿಂತು ಕಾಫಿ ಕುಡಿದು ವಾಪಸು ಬಂದೆ. ಕಾರಿನ ಹೊಟ್ಟೆ ಸರಿಮಾಡಲು ಅದನ್ನು ವಾಕಿಂಗ್ ಕರೆದುಕೊಂಡು ಹೋಗುವ ಭಾಗ್ಯ ಡೀಸೆಲ್ ಇಟ್ಟವರಿಗೆ ಮಾತ್ರ. ಸಾಲದ್ದಕ್ಕೆ ಈಗಿನ ಎಷ್ಟೋ ಗಾಡಿಗಳಿಗೆ ಯೂರಿಯಾ ದ್ರಾವಣವನ್ನೂ ಕುಡಿಸಬೇಕು. ತೋಟಕ್ಕೆ ಹಾಕುವ ಚೀಲದ್ದನ್ನು ಕಲಸಿ ಸುರಿಯುವಂತಿಲ್ಲ, ಶೇಕಡಾ 32.5ರ ಅಳತೆಯ ಶುದ್ಧ ದ್ರಾವಣವೇ ಆಗಬೇಕು. ಅದು ಪೂರ್ತಿ ಖಾಲಿಯಾದ ಮೇಲೆ ಆಫ್ ಮಾಡಿದರೆ ಗಾಡಿ ಮತ್ತೆ ಸ್ಟಾರ್ಟ್ ಆಗದು.

ಇನ್ನು ನಾಲ್ಕು ಚಕ್ರದ ವಿಚಾರ. ಆಗುಂಬೆ ಘಾಟಿ ಇಳಿಯಲು ಫೋರ್ ಬೈ ಫೋರ್ ಇದ್ದರೆ ಧೈರ್ಯ ಎನ್ನುವವರನ್ನು ಕಂಡಿದ್ದೇನೆ. ಅಲ್ಲಿನ ಹದಿನಾಲ್ಕು ತಿರುವುಗಳನ್ನು ಮಿನಿ ಬಸ್ಸುಗಳು ಬರೀ ಹಿಂದಿನ ಚಕ್ರದ ಬಲದಲ್ಲಿ ದಿನಾ ಹತ್ತಿಳಿಯುತ್ತವೆ. ಬ್ರೇಕು ಎಲ್ಲ ಗಾಡಿಗಳಲ್ಲೂ ನಾಲ್ಕು ಚಕ್ರಕ್ಕೇ ಇರುವುದು; ನಿಲ್ಲಿಸುವುದರಲ್ಲಿ ಫೋರ್ ಬೈ ಫೋರಿನದೇನೂ ಹೆಚ್ಚುಗಾರಿಕೆ ಇಲ್ಲ. ಥಾರ್‌ನಂಥವುಗಳಲ್ಲಿ ಮುಂದಿನ ಹಿಂದಿನ ಚಕ್ರಗಳನ್ನು ಬಿಗಿಯಾಗಿ ಜೋಡಿಸುವ ವ್ಯವಸ್ಥೆ. ಅದನ್ನು ಒಣ ಡಾಂಬರಿನ ಮೇಲೆ ಹಾಕಿಕೊಂಡು ತಿರುಗಿಸಿ ನೋಡಿ, ಸ್ಟೀರಿಂಗ್ ಮುಷ್ಕರ ಹೂಡುತ್ತದೆ. ಫೋರ್ ಬೈ ಫೋರಿನ ನಿಜವಾದ ಬೆಲೆ ಇರುವುದು ಜೀಪಿನವ ಎಳೆದ ಆ ಸಣ್ಣ ಕಡ್ಡಿಯಲ್ಲಿ. ಲೋಗೆ ಹಾಕಿ ಮೊದಲ ಗೇರಿನಲ್ಲಿ ಬಿಟ್ಟರೆ ಗಾಡಿ ನಡೆಯುವ ವೇಗದಲ್ಲಿ ಕೆಸರು ಹತ್ತುತ್ತದೆ, ಬ್ರೇಕು ಮುಟ್ಟದೆಯೇ ಇಳಿಯುತ್ತದೆ. ಕೊಡಚಾದ್ರಿಯ ಜೀಪುಗಳನ್ನು ಏರಿದವರಿಗೆ ಈ ಸುಖ ಗೊತ್ತು, ಸೊಂಟನೋವೂ ಗೊತ್ತು.

ಆದರೆ ಅವತ್ತು ಹಗ್ಗ ಬಿಚ್ಚುತ್ತಾ ಜೀಪಿನವ ಹೇಳಿದ ಮಾತನ್ನು ಭಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಚಕ್ರಕ್ಕೆ ಹೆಬ್ಬೆರಳು ಒತ್ತಿ ತೋರಿಸಿದ್ದ: "ಗ್ರಿಪ್ಪೇ ಇಲ್ಲ ಸಾರ್, ನೈಸಾಗಿದೆ. ಇದನ್ನ ಹಾಕ್ಕೊಂಡ್ರೆ ನನ್ ಜೀಪೂ ಜಾರತ್ತೆ."

ದುಡ್ಡಿನ ಲೆಕ್ಕಕ್ಕೆ ಬರೋಣ. 2012ರ ಮೇನಲ್ಲಿ ದಿಲ್ಲಿಯಲ್ಲಿ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ 32 ರೂಪಾಯಿ ವ್ಯತ್ಯಾಸವಿತ್ತು. ಡೀಸೆಲ್ ಅಂದರೆ ಉಳಿತಾಯ ಎಂಬ ನಂಬಿಕೆ ಆ ಕಾಲದ್ದು. 2025ರ ಏಪ್ರಿಲ್‌ನಲ್ಲಿ ನಮ್ಮ ಸರ್ಕಾರ ಡೀಸೆಲ್ ಮೇಲಿನ ತೆರಿಗೆಯನ್ನು ಶೇಕಡಾ 21.17ಕ್ಕೆ ಏರಿಸಿದಾಗ ಬೆಂಗಳೂರಿನಲ್ಲಿ ಡೀಸೆಲ್ 91 ರೂಪಾಯಿ, ಪೆಟ್ರೋಲ್ ಹತ್ತಿರ ಹತ್ತಿರ 103. ಭಾವ ಊರಿಗೆ ಹೋಗುವುದು ವರ್ಷಕ್ಕೆ ನಾಲ್ಕು ಸಲ. ಮಿಕ್ಕ ದಿನ ಆಫೀಸಿಗೆ ಐದು ಕಿಲೋಮೀಟರ್, ಬರುವಾಗ ಐದು. ಎಲ್ಲ ಸೇರಿ ವರ್ಷಕ್ಕೆ ಆರು ಸಾವಿರ ಕಿಲೋಮೀಟರ್ ಓಟ. ಇಂಥ ತೂಕದ ಗಾಡಿ ಪೆಟ್ರೋಲಿನಲ್ಲಿ ಹತ್ತು, ಡೀಸೆಲ್ಲಿನಲ್ಲಿ ಹದಿಮೂರು ಕೊಟ್ಟಿತು ಅಂದುಕೊಂಡರೂ ಉಳಿಯುವುದು ವರ್ಷಕ್ಕೆ 20,000. ಡೀಸೆಲ್ಲಿಗೂ ನಾಲ್ಕು ಚಕ್ರಕ್ಕೂ ಸೇರಿ ಹೆಚ್ಚಿಗೆ ತೆರುವ ಮೂರು ಲಕ್ಷ ಕೈಗೆ ಬರುವುದು ಹದಿನೈದು ವರ್ಷಕ್ಕೆ. ಆರ್‌ಸಿಯ ಆಯುಸ್ಸೂ ಅಷ್ಟೇ! 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಇಳಿದು ದೊಡ್ಡ ಗಾಡಿಗಳ ತೆರಿಗೆ ಶೇಕಡಾ 50ರ ಆಸುಪಾಸಿನಿಂದ 40ಕ್ಕೆ ಬಂದದ್ದು ನಿಜ. ಆದರೆ ಬೆಲೆ 20 ಲಕ್ಷ ದಾಟಿತೋ, ಕರ್ನಾಟಕದ ಆಜೀವ ತೆರಿಗೆ ಶೇಕಡಾ 17ರಿಂದ 18ಕ್ಕೆ ಜಿಗಿಯುತ್ತದೆ. ಎರಡು ಚಕ್ರದ 19 ಲಕ್ಷದ ಗಾಡಿ ಬಿಟ್ಟು ನಾಲ್ಕು ಚಕ್ರದ 21 ಲಕ್ಷದ್ದನ್ನು ಹಿಡಿದರೆ ಆರ್‌ಟಿಓಗೇ 55,000 ಹೆಚ್ಚು, ಸೆಸ್ಸು ಬೇರೆ.

ಇಷ್ಟೆಲ್ಲ ಹೇಳಿದರೂ ಭಾವ ಅಲ್ಲಾಡಲಿಲ್ಲ. ಕೊನೆಗೆ ಹಟ ಹಿಡಿದು ಸ್ಕಾರ್ಪಿಯೋ-ಎನ್ ಟೆಸ್ಟ್ ಡ್ರೈವಿಗೆ ಅಕ್ಕನ ಅತ್ತೆಯನ್ನೂ ಕರೆದುಕೊಂಡು ಹೋದೆ. ವಯಸ್ಸು ಎಪ್ಪತ್ತೆಂಟು, ಎರಡೂ ಮಂಡಿ ಸವೆದಿವೆ. ಸೇಲ್ಸ್ ಹುಡುಗ ಕಿಟಕಿ ಕಂಬದ ಹಿಡಿಕೆ ತೋರಿಸಿದ. ಅವರು ಸೀರೆಯ ನೆರಿಗೆ ಒಂದು ಕೈಲಿ, ಹಿಡಿಕೆ ಇನ್ನೊಂದು ಕೈಲಿ ಹಿಡಿದು, ಮೆಟ್ಟಿಲಿನ ಮೇಲೆ ಒಂದು ಪಾದ ಇಟ್ಟು, ಮೇಲೆ ನೋಡಿ, ಪಾದ ಇಳಿಸಿದರು. "ಅಟ್ಟಕ್ಕೆ ಏಣಿ ಇಟ್ಟ ಹಾಗಿದೆ ಮಾರಾಯ" ಅಂದರು. ಮೂರನೇ ಸಾಲಿನ ಸೀಟು ಬಿಚ್ಚಿದರೆ ಹಿಂದೆ ಉಳಿಯುವ ಜಾಗದಲ್ಲಿ ಒಂದು ಬಾಳೆಗೊನೆ ಹಿಡಿಸುವುದೂ ಕಷ್ಟ. ಊರಿಂದ ಬರುವಾಗ ತೆಂಗಿನಕಾಯಿ ಚೀಲ ಎಲ್ಲಿಡುವುದು ಎಂದು ಅಕ್ಕ ಕೇಳಿದ್ದಕ್ಕೆ ಹುಡುಗನಲ್ಲಿ ಉತ್ತರವಿರಲಿಲ್ಲ.

ನನ್ನ ಸಲಹೆ ಇಷ್ಟು. ಭಾವನಿಗೆ ಇನ್ನೆರಡು ವರ್ಷಕ್ಕೆ ನಿವೃತ್ತಿ, ಆಮೇಲೆ ಊರಲ್ಲೇ ವಾಸ. ಡೀಸೆಲ್ ಫೋರ್ ಬೈ ಫೋರನ್ನು ಕಣ್ಣುಮುಚ್ಚಿ ಕೊಳ್ಳಬೇಕಾದದ್ದು ಆಗ. ಗಾಡಿ ದಿನಾ ಏರು ಹತ್ತುತ್ತದೆ, ತಿಂಗಳಿಗೆರಡು ಸಲ ಶಿವಮೊಗ್ಗದ ಅಡಿಕೆ ಮಂಡಿಗೆ ಓಡಿ ಜರಡಿಯ ಮಸಿಯನ್ನೂ ಸುಟ್ಟುಕೊಳ್ಳುತ್ತದೆ. ಅಲ್ಲಿಯವರೆಗೆ ಈಗಿನ ಕಾರಿಗೆ ನಾಲ್ಕು ಒಳ್ಳೇ ಟೈರು ಹಾಕಿಸಲಿ, ಏರಿನಲ್ಲಿ ಚಕ್ರ ಹೋಗುವ ಜಾಡಿಗೆ ಮಾತ್ರ ಎರಡು ಪಟ್ಟಿ ಕಾಂಕ್ರೀಟು ಹಾಕಿಸಿ, ಹಸಿಯಿರುವಾಗಲೇ ಅಡ್ಡಗೆರೆ ಎಳೆಸಲಿ.

ಭಾವ ಒಪ್ಪಿದ ಹಾಗೆ ಕಂಡಿತು. ಮೊನ್ನೆ ಊರಿಂದಲೇ ಫೋನ್ ಮಾಡಿದರು. ಮೇಸ್ತ್ರಿ ಬಂದು ದಾರ ಹಿಡಿದು ನಿಂತಿದ್ದಾನಂತೆ, ಎರಡು ಪಟ್ಟಿಯ ನಡುವೆ ಎಷ್ಟು ಅಂತರ ಬಿಡಬೇಕು ಎಂದು ಕೇಳುತ್ತಿದ್ದಾನಂತೆ. "ಈಗಿನ ಕಾರಿನ ಅಳತೆ ಕೊಡ್ಲಾ, ಇಲ್ಲ ಸ್ಕಾರ್ಪಿಯೋದ್ದಾ?"

ಪಟ್ಟಿ ಎರಡೆರಡು ಅಡಿ ಅಗಲ ಇರಲಿ ಭಾವ, ಎರಡೂ ಹತ್ತುತ್ತವೆ ಅಂದೆ.