ಹೊಳಪು ಒಳಗೋ ಹೊರಗೋ

ಹೊನ್ನಾವರದ ಶರಾವತಿ ಸೇತುವೆ ದಾಟಿ ಕಾಸರಕೋಡಿಗೆ ಇಳಿದವರು ಎಡಬಲದ ತೆಂಗಿನ ತೋಟಗಳತ್ತ ಒಮ್ಮೆ ಕಣ್ಣು ಹಾಯಿಸಬೇಕು. ಒಣಮಡಲು ಹೊದ್ದುಕೊಂಡು ದೋಣಿಯಂಥದ್ದೊಂದು ಬಿದ್ದಿದ್ದರೆ ಅದು ದೋಣಿಯೇ ಆಗಿರಬೇಕೆಂದಿಲ್ಲ. ಹೊರಮೈ ಹೊಳೆಯುತ್ತ, ಒಳಮೈ ಗೋಣಿಯಂತೆ ಒರಟಾಗಿದ್ದರೆ ದೋಣಿ. ಹೊರಗೆ ಗೋಣಿ, ಒಳಗೆ ಕನ್ನಡಿ ಎಂದಾದರೆ ಅದು ದೋಣಿಯನ್ನು ಹೆರುವ ಅಚ್ಚು. ತದಡಿಗೋ ಭಟ್ಕಳದ ಮಾವಿನಕುರ್ವೆಗೋ ಹೋದವರು ಮೀನು ನೋಡುತ್ತಾರೆ. ನನ್ನ ಚಟ ಬೇರೆ. ಅಚ್ಚು ಕಂಡರೆ ಒಳಗೆ ಕೈಹಾಕಿ ಸವರಿ ನೋಡದೆ ಮುಂದೆ ಹೋಗಲಾರೆ.

ಮರದ ದೋಣಿಗೆ ಅಚ್ಚಿನ ಹಂಗಿರಲಿಲ್ಲ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದು ತಂಗಿದ್ದ ಇಬ್ನ್ ಬತೂತ, ಈ ಸಮುದ್ರದ ಹಡಗುಗಳ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿಯುತ್ತಾರೆ, ಬಂಡೆಗೆ ತಾಗಿದರೆ ಅವು ಒಡೆಯದೆ ಬಳುಕುತ್ತವೆ ಎಂದು ಬರೆದಿಟ್ಟಿದ್ದಾನೆ. ಅಲ್ಲಿ ಹಲಗೆಗೆ ಹಲಗೆ ಸೇರುತ್ತ ದೋಣಿ ಬೆಳೆಯುತ್ತಿತ್ತು. ಫೈಬರ್ ದೋಣಿಯ ಲೆಕ್ಕವೇ ಬೇರೆ. ಒಂದು ದೋಣಿ ಬೇಕಾದರೆ ಮೂರು ಸಲ ಮಾಡಬೇಕು. ಮೊದಲು ದೋಣಿಯ ಪ್ರತಿರೂಪ, ಅಂದರೆ ಪ್ಲಗ್. ಅದರ ಮೇಲೆ ಅಚ್ಚು. ಆಮೇಲೆ ಅಚ್ಚಿನೊಳಗೆ ದೋಣಿ. ಮೂರರ ನಡುವೆ ಎರಡು ಸಲ ಬಿಡಿಸುವ ಕೆಲಸ. ಈ ಕಸುಬಿನಲ್ಲಿ ಗಂಡಾಂತರವೆಲ್ಲ ಇರುವುದು ಆ ಎರಡು ಗಳಿಗೆಗಳಲ್ಲಿ.

ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಮರದ ದೋಣಿಗೆ ಫೈಬರ್ ಹೊದಿಕೆ ಹಾಕುವ ಪ್ರಯೋಗ ಮಾಡಿದ್ದರು. ಅಲ್ಲಿ ಫೈಬರನ್ನು ಬೆಸೆಯುವ ಅಂಟುದ್ರವ, ಅಂದರೆ ರೆಸಿನ್, ಮರವನ್ನು ಕಚ್ಚಿ ಹಿಡಿಯಬೇಕು. ಅದೇ ರೆಸಿನ್ ಅಚ್ಚಿನಲ್ಲಿ ಹಿಡಿಯಕೂಡದು. ಅದಕ್ಕೆ ಮಾತ್ರ ಈ ಭೇದ ತಿಳಿಯುವುದಿಲ್ಲ, ಸಿಕ್ಕಿದ್ದಕ್ಕೆಲ್ಲ ಅಂಟುತ್ತದೆ. ಹಲಸಿನಹಣ್ಣು ಕೊಯ್ಯುವ ಮುಂಚೆ ಕೈಗೆ, ಕತ್ತಿಗೆ ಎಣ್ಣೆ ಸವರಿಕೊಳ್ಳುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಇನ್ನೂ ಹತ್ತಿರದ ಉದಾಹರಣೆ ತೊಡದೇವು. ಬೆಂಕಿಯ ಮೇಲೆ ಬೋರಲು ಹಾಕಿದ ಮಡಕೆಯ ಬೆನ್ನಿಗೆ ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ತೆಳ್ಳಗೆ ಬಳಿದು, ಕಾಗದದಂತೆ ಎಬ್ಬಿಸುತ್ತಾರಲ್ಲ, ಅದೂ ಅಚ್ಚಿನ ಕೆಲಸವೇ. ಪಳಗಿದ ಮಡಕೆಯಿಂದ ಹಾಳೆ ತಾನಾಗಿ ಏಳುತ್ತದೆ. ಹೊಸ ಮಡಕೆ ಹಟ ಮಾಡುತ್ತದೆ. ಹೊಸ ಅಚ್ಚಿನ ಹಟವೂ ಹಾಗೆಯೇ.

ಅದನ್ನು ಪಳಗಿಸುವುದು ಮೇಣದಿಂದ. ಈ ಮೇಣದಲ್ಲಿ ಮುಖ್ಯವಾದದ್ದು ಬ್ರೆಜಿಲಿನ ಒಂದು ತಾಳೆಜಾತಿಯ ಮರದ ಎಲೆಯಿಂದ ಬರುವ ಕಾರ್ನೂಬ. ಹೊಸ ಅಚ್ಚಿಗೆ ಆರೆಂಟು ಸಲ ಹಚ್ಚಬೇಕು, ಪ್ರತಿ ಸಲ ಮೆತ್ತನೆ ಹತ್ತಿಬಟ್ಟೆಯಿಂದ ತಿಕ್ಕಿ ಹೊಳಪು ತರಬೇಕು, ನಡುವೆ ಗಂಟೆಗಟ್ಟಲೆ ಬಿಡಬೇಕು. ಕಾರಿಗೆ ಹಚ್ಚುವ ಪಾಲಿಶು ಮನೆಯಲ್ಲಿದೆಯೆಂದು ಅದನ್ನು ತಂದರೆ ಕೆಟ್ಟಿತು. ಅದರಲ್ಲಿ ಸಿಲಿಕೋನ್ ಇದ್ದರೆ ಮೇಲೆ ಬಳಿದದ್ದೆಲ್ಲ ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿಹನಿಯಾಗಿ ಸರಿಯುತ್ತದೆ. ಮೇಣದ ಮೇಲೆ ಪಿವಿಎ. ಇದು ತೆಳ್ಳನೆಯ ದ್ರವ, ಒಣಗಿದರೆ ಈರುಳ್ಳಿಯ ಒಳಸಿಪ್ಪೆಯಂಥ ಪೊರೆ. ರೆಸಿನ್ನಿಗೆ ಜಗ್ಗದ ಈ ಪೊರೆ ನೀರಿಗೆ ಕರಗುತ್ತದೆ. ಈ ಗುಣವೇ ಕೊನೆಯಲ್ಲಿ ಕಾಯುವುದು, ಮೊದಲಲ್ಲಿ ಕಾಡುವುದು. ಏಪ್ರಿಲ್–ಮೇ ತಿಂಗಳ ನಮ್ಮ ಕರಾವಳಿಯ ಸೆಕೆಯಲ್ಲಿ ಅಚ್ಚಿನೊಳಗೆ ಬಗ್ಗಿದವನ ಹಣೆಯಿಂದ ಒಂದು ಹನಿ ಬೆವರು ಬಿದ್ದರೆ ಅಲ್ಲಿ ಪೊರೆಗೆ ತೂತು. ಅದಕ್ಕೇ ಈ ಕೆಲಸದವರು ಹಣೆಗೆ ಟವೆಲ್ ಬಿಗಿದುಕೊಳ್ಳುವುದು. ಮಳೆಗಾಲದಲ್ಲಂತೂ ಪಿವಿಎ ಒಣಗುವುದೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಬೋಟುಗಳು ದಡದಲ್ಲಿರುವಾಗ ಅಚ್ಚಿನ ಕೆಲಸವೂ ಮಲಗುವುದು ಮೇಲು.

ನನ್ನದೊಂದು ಪೆದ್ದುತನ ಹೇಳಿಬಿಡುತ್ತೇನೆ. ಹಿತ್ತಿಲಲ್ಲಿ 12 ಅಡಿಯ ಸಣ್ಣ ಪಾತಿದೋಣಿಗೆ ಅಚ್ಚು ಮಾಡಿದ್ದೆ. ಮೂತಿಯ ಕಿರಿದಾದ ಸಂದಿಯಲ್ಲಿ ಮೇಣ ಹಚ್ಚಲು ಕೈ ಸರಿಯಾಗಿ ಹೋಗುತ್ತಿರಲಿಲ್ಲ. ಆರನೆಯ ಸಲಕ್ಕೆ ಬೇಸರ ಬಂದು 'ಸಾಕು' ಅಂದುಕೊಂಡೆ. ಬಿಡಿಸುವ ದಿನ ಉಳಿದೆಲ್ಲ ಕಡೆ ಎದ್ದ ಪಾತಿ ಮೂತಿಯಲ್ಲಿ ಮಾತ್ರ ಕಚ್ಚಿಕೊಂಡಿತು. ಜಗ್ಗಿದಾಗ ಅಂಗೈಯಗಲ ಅಚ್ಚಿನ ಚರ್ಮವೇ ಕಿತ್ತು ಪಾತಿಯ ಜೊತೆ ಬಂತು. ನೋಡುತ್ತ ನಿಂತಿದ್ದ, ಈ ಕೆಲಸದಲ್ಲಿ ಕೂದಲು ಬೆಳ್ಳಗಾದ ಹಿರಿಯರು, "ತಮಾ, ಬಿಡ್ಸೂ ಕೆಲ್ಸ ಇವತ್ತಿಂದಲ್ಲ, ವ್ಯಾಕ್ಸ್ ಹಚ್ಚಿದ ದಿನದ್ದು" ಅಂದರು. ಬಯ್ದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಮೇಣ ಎಷ್ಟಿದ್ದರೂ ಆಕಾರವೇ ಎದುರು ನಿಂತರೆ ಪ್ರಯೋಜನವಿಲ್ಲ. ದೋಣಿಯ ಬಾಯಿ ಹೊಟ್ಟೆಗಿಂತ ಅಗಲವಾಗಿದ್ದರೆ ಇಡ್ಲಿಯಂತೆ ಮೇಲೆ ಬರುತ್ತದೆ. ಅಂಚು ಸ್ವಲ್ಪ ಒಳಗೆ ಬಾಗಿತೋ, ಕೊಡದೊಳಗೆ ಹಾಕಿದ ಮುಷ್ಟಿಯಂತೆ ಸಿಕ್ಕಿಬೀಳುತ್ತದೆ. ಅಂಥದ್ದಕ್ಕೆ ಅಚ್ಚನ್ನು ಅಡಿಯ ನಡುಗೆರೆಯಲ್ಲಿ ಎರಡು ಹೋಳಾಗಿಸಿ ಬೋಲ್ಟಿನಿಂದ ಕೂಡಿಸಬೇಕು. ದೊಡ್ಡ ದೋಣಿಗಳಿಗೆ ಅದೇ ಕ್ಷೇಮ. ಅಚ್ಚು ದೋಣಿಗಿಂತ ಎರಡು ಪಟ್ಟಾದರೂ ದಪ್ಪವಿರಬೇಕು, ಹೊರಗಿನಿಂದ ಚೌಕಟ್ಟು ಕಟ್ಟಿರಬೇಕು. ಅಚ್ಚು ತಿರುಚಿದರೆ ಅದರಲ್ಲಿ ಹುಟ್ಟುವ ದೋಣಿಗಳೆಲ್ಲ ಒಂದೇ ಕಡೆಗೆ ಎಳೆಯುತ್ತವೆ.

ರೆಸಿನ್ನಿನ ವಿಷಯ ಚುಟುಕಾಗಿ. ಅದನ್ನು ಗಟ್ಟಿಯಾಗಿಸುವ ಕ್ಯಾಟಲಿಸ್ಟ್ ನೂರಕ್ಕೆ ಒಂದರಿಂದ ಎರಡು ಪಾಲು. ಸೆಕೆಯಿದ್ದರೆ ಒಂದರ ಹತ್ತಿರ, ಅದಕ್ಕಿಂತ ಇಳಿಸಿದರೆ ಪೂರ್ತಿ ಗಟ್ಟಿಯಾಗುವುದಿಲ್ಲ. ಕ್ಯಾಟಲಿಸ್ಟನ್ನೂ ಅದರ ಕೆಲಸ ಚುರುಕಾಗಿಸುವ ಕೋಬಾಲ್ಟನ್ನೂ ನೇರ ಬೆರೆಸಬಾರದು, ಸಿಡಿಯುತ್ತದೆ. ಅಚ್ಚಿಗೆ ಮೊದಲು ಬಳಿದ, ದೋಣಿಯ ಹೊರಮೈಯಾಗುವ ಜೆಲ್‌ಕೋಟ್ ಬೆರಳಿಗೆ ಅಂಟಿದಂತಾಗಿ, ಬೆರಳಿಗೆ ಬಣ್ಣ ಹತ್ತದ ಹದ ಬಂದಾಗ ಫೈಬರ್ ಮ್ಯಾಟ್ ಹಾಸಬೇಕು. ಅವಸರಪಟ್ಟು ಒಂದೇ ದಿನ ಪದರದ ಮೇಲೆ ಪದರ ಏರಿಸಿದರೆ ರೆಸಿನ್ ಕಾದು ಕುಗ್ಗಿ, ದೋಣಿ ನಡುವಿನಲ್ಲೇ ಅಚ್ಚು ಬಿಟ್ಟು ಸೊಟ್ಟಗಾಗುತ್ತದೆ. ಕೊನೆಯ ಪದರದ ನಂತರವೂ ಒಳಗಿನ ಪಕ್ಕೆಲುಬು, ಅಡ್ಡಹಲಗೆಗಳು ಕೂತು ಗಟ್ಟಿಯಾಗುವವರೆಗೆ ಅದನ್ನು ಅಚ್ಚಿನಲ್ಲೇ ಬಿಡಬೇಕು. ಬಾಣಂತಿಕೋಣೆ ಎನ್ನಿ.

ಇನ್ನು ಬಿಡಿಸುವ ದಿನ. ಸುತ್ತಲಿನ ಅಂಚನ್ನು ಮೊದಲು ಕೊಯ್ದು ತೆಗೆಯಬೇಕು, ಇಲ್ಲದಿದ್ದರೆ ಒಂದಿಂಚು ಚೂರು ಇಡೀ ದೋಣಿಯನ್ನು ಹಿಡಿದು ನಿಲ್ಲಿಸುತ್ತದೆ. ಮರದ ಬೆಣೆಗಳು ಸಾಕು. ಸ್ಕ್ರೂಡ್ರೈವರ್ ಹಿಡಿದವನನ್ನು ಚಹಾ ತರಲು ಕಳಿಸಿ. ಒಂದೇ ಕಡೆ ಬಡಿಯದೆ ಸುತ್ತ ಒಂದೊಂದು ಏಟು ಕೊಡುತ್ತ ಬಂದರೆ ಕೂದಲೆಳೆಯಷ್ಟು ಸಂದು ಕಾಣುತ್ತದೆ. ಅಲ್ಲಿಗೆ ಪೈಪಿನ ನೀರು ಬಿಡಬೇಕು. ನೀರು ಇಳಿಯುತ್ತ ಪಿವಿಎ ಪೊರೆಯನ್ನು ಕರಗಿಸುತ್ತದೆ, ಜೊತೆಗೆ ಕೆಳಗಿನಿಂದ ಒತ್ತುತ್ತದೆ. ಅರ್ಧ ಮೀಟರ್ ಎತ್ತರದ ನೀರಿನ ಒತ್ತಡವೆಂದರೆ ಪ್ರತಿ ಚದರ ಮೀಟರಿಗೆ 500 ಕಿಲೋ. ಎಂಟು ಚದರ ಮೀಟರ್ ತಳವಿರುವ ದೋಣಿಯ ಅಡಿಗೆ ಹಾಗೆ ನೀರು ಸೇರಿದರೆ ನಾಲ್ಕು ಟನ್ನಿನ ಎತ್ತುವ ಬಲ. ಹತ್ತು ಜನ ಹಗ್ಗ ಜಗ್ಗಿದರೂ ಬಾರದ್ದನ್ನು ಒಂದು ಬಾವಿಪಂಪು ಸದ್ದಿಲ್ಲದೆ ಎಬ್ಬಿಸುತ್ತದೆ.

ಸದ್ದಿಲ್ಲದೆ ಅಂದೆ. ತಪ್ಪಾಯಿತು. ಒಳಗೆಲ್ಲೋ ಒಣಬಿದಿರು ಮುರಿದಂತೆ ಒಂದು 'ಚಟ್'. ಗಾಬರಿಯಾಗುತ್ತದೆ, ದೋಣಿಯೇ ಸೀಳಿತೇನೋ ಎಂದು. ಇನ್ನೊಂದು, ಮತ್ತೊಂದು. ಹಿಡಿತ ತಪ್ಪುತ್ತ ಹೋಗುವ ಸದ್ದು ಅದು. ಬೀಡಿ ಸೇದುತ್ತಿದ್ದವರೂ ಎದ್ದು ಬರುತ್ತಾರೆ. ಆಮೇಲೆ ಅಂಚಿಗೆ ಕೈಯಿಟ್ಟು ಒತ್ತಿದರೆ ದೋಣಿ ಮೆಲ್ಲನೆ ಅಲ್ಲಾಡುತ್ತದೆ. ಕಡಲು ಇನ್ನೂ ಫರ್ಲಾಂಗು ದೂರವಿರುವಾಗಲೇ, ಬೆರಳುದ್ದದ ಬಾವಿನೀರಿನಲ್ಲಿ, ತನ್ನದೇ ಅಚ್ಚಿನೊಳಗೆ ಅದು ಮೊದಲ ಸಲ ತೇಲುತ್ತಿರುತ್ತದೆ.

ನನ್ನ ಕಿತ್ತುಹೋದ ಅಚ್ಚಿನ ಮೂತಿಗೆ ತೇಪೆ ಹಾಕಿ ಮತ್ತೆ ಉಜ್ಜಿದ್ದೇನೆ, 220ರ ಮರಳುಕಾಗದದಿಂದ ಹಿಡಿದು 1000ದವರೆಗೆ. ಸದ್ಯ ಅದರಲ್ಲಿ ಪಕ್ಕದ ಮನೆಯ ಕೋಳಿ ಮೊಟ್ಟೆಯಿಡುತ್ತಿದೆ. ಮರಿ ಹೊರಬಂದ ಮೇಲೆ ವ್ಯಾಕ್ಸ್ ಹಚ್ಚಲು ಶುರು. ಈ ಸಲ ಮೂತಿಯಿಂದಲೇ.