ಟೆಕ್ಸಸ್‌ನ ಚಿಲಿ, ಕೆಳಗಿನ ಓಣಿಯ ರಸ್ಸಾ

ಚಿಕ್ಕೋಡಿ ಕಡೆ ಡಿಸೆಂಬರ್ ಅಂದ್ರೆ ಕಬ್ಬು ಕಡಿಯೋ ಕಾಲ, ಮೈ ಕೊರೆಯೋ ಥಂಡಿ. ಆ ಥಂಡಿಗೆ ಖಾರದ ರಸ್ಸಾ ಬೇಕು ಅನ್ನೋದಕ್ಕೆ ನಿಪ್ಪಾಣಿಯಿಂದ ಅಥಣಿವರೆಗೆ ಯಾರದೂ ತಕರಾರಿಲ್ಲ. ತಕರಾರು ಇರೋದು ಗಡಿಗೆಯೊಳಗೆ ಏನು ಬೇಯ್ತಿದೆ ಅನ್ನೋದಕ್ಕೆ.

ಕೆಲವು ವರ್ಷಗಳ ಹಿಂದೆ ಕಂಪನಿ ಕೆಲಸದ ಮೇಲೆ ಟೆಕ್ಸಸ್‌ಗೆ ಹೋಗಿದ್ದೆ. ಅಲ್ಲಿನ ಚಳಿಯಲ್ಲಿ ಸಹೋದ್ಯೋಗಿಯ ಮನೆಯಲ್ಲಿ ಬೀಫ್ ಚಿಲಿ ಉಂಡೆ. ದನದ ಮಾಂಸದ ತುಂಡು, ಒಣಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ, ಮೂರು ತಾಸು ಸಣ್ಣ ಉರಿ; ರಸ ಮಂದ ಆಗಲಿ ಅಂತ ಕೊನೆಗೆ ಮೆಕ್ಕೆಜೋಳದ ಹಿಟ್ಟು. ಅದರ ಬಗ್ಗೆ ಖುಷಿಯಿಂದ ಬರೆದೆ ಕೂಡ. ಓದಿದ ಊರಿನ ಗೆಳೆಯ ಫೋನ್ ಮಾಡಿದ. “ಸಣ್ಣಾವ ಇದ್ದಾಗಿಂದ ನಮ್ಮ ಅಂಗಳದಾಗ ಆಡಿದಿ, ಒಂದ್ ತುತ್ತು ಉಣ್ಲಿಲ್ಲ. ಅಮೇರಿಕಾದಾಗ ಹೆಂಗ ಉಂಡ್ಯೋ?” ಅವ ಕೆಳಗಿನ ಓಣಿಯವ. ನನ್ನ ಹತ್ರ ಉತ್ತರ ಇರಲಿಲ್ಲ.

ಆ ಪ್ರಶ್ನೆ ತಲೆಯಲ್ಲಿಟ್ಟುಕೊಂಡೇ ಶಾಹೂ ಪಾಟೋಳೆ ಅವರ ‘ಅನ್ನ ಹೇ ಅಪೂರ್ಣಬ್ರಹ್ಮ’ ಓದಿದೆ. 2015ರ ಮರಾಠಿ ಪುಸ್ತಕ; 2024ರಲ್ಲಿ ಭೂಷಣ್ ಕೋರ್ಗಾಂವ್ಕರ್ ಇಂಗ್ಲಿಷಿಗೆ ತಂದರು. ಮರಾಠವಾಡದ ಮಹಾರ್, ಮಾಂಗ್ ಸಮುದಾಯಗಳ ಅಡುಗೆಯ ದಾಖಲೆ ಇದು. ಅನ್ನ ಪೂರ್ಣಬ್ರಹ್ಮ ಅನ್ನೋ ಮಾತಿಗೆ ಒಂದೇ ಅಕ್ಷರ ಸೇರಿಸಿ, ಯಾರ ಅನ್ನ ಪೂರ್ಣ ಅಂತ ಕೇಳ್ತಾರೆ. ತುಪ್ಪ, ಎಣ್ಣೆ, ಹಾಲು ಧಾರಾಳವಾಗಿ ಸುರಿಯೋ ಅಡುಗೆ ಇಲ್ಲಿಲ್ಲ. ಯಾಕಿಲ್ಲ ಅಂತ ಯೋಚಿಸಿದರೆ ಅದೇ ಒಂದು ಚರಿತ್ರೆ.

ಮರಾಠವಾಡ ನಮಗೆ ದೂರ ಅನ್ನಬೇಡಿ. ಪ್ರತಿ ಚಳಿಗಾಲ ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯೋ ಗ್ಯಾಂಗ್‌ಗಳು ನಮ್ಮ ಹೊಲಕ್ಕೇ ಬರ್ತವೆ. ಅವರ ಒಲೆ ಹೊತ್ತೋದು ನಮ್ಮ ಬದುವಿನ ಮೇಲೆ. ಆದ್ರೆ ಕನ್ನಡದ ಅಡುಗೆ ಬರಹ ತೆಗೆದು ನೋಡಿ. ಉತ್ತರ ಕರ್ನಾಟಕದ ಊಟ ಅಂದ್ರೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಮಟನ್‌ಗೆ ‘ಕೊಲ್ಹಾಪುರಿ’ ಅನ್ನೋ ಹೆಸರಲ್ಲಿ ಜಾಗ ಸಿಗ್ತದೆ. ಗೆಳೆಯನ ಮನೆಯ ಗಡಿಗೆಗೆ ಜಾಗ ಸಿಗೋದು ಅಪರೂಪ. ನನ್ನ ಟೆಕ್ಸಸ್ ಬರಹವೂ ಅದೇ ಸಾಲಿನದು: ದೂರದ ದನ ರುಚಿ, ಹತ್ತಿರದ್ದು ಮೈಲಿಗೆ.

ಮಹಾಡದಲ್ಲಿ 1927ರಲ್ಲಿ ಅಂಬೇಡ್ಕರರೇ ಬಿಡಿ ಅಂದಿದ್ರಲ್ಲ ಅಂತ ಕೆಲವರು ವಾದಿಸ್ತಾರೆ. ಅವರು ಬಿಡಿ ಅಂದದ್ದು ಸತ್ತ ದನದ ಮಾಂಸ. ಅದನ್ನ ಆ ಜನರ ಪಾಲಿಗೆ ಕಟ್ಟಿದವರು ಯಾರು ಅಂತ ಕೇಳಿಕೊಳ್ಳದೆ ಆ ಮಾತು ಬಳಸೋ ಹಕ್ಕು ನಮ್ಮ ಓಣಿಗಿಲ್ಲ.

ಟೆಕ್ಸಸ್‌ನದೂ ಅದೇ ಕಥೆ. ಸ್ಯಾನ್ ಆಂಟೋನಿಯೊದ ಚೌಕಗಳಲ್ಲಿ ಚಿಲಿ ಮಾರ್ತಿದ್ದವರು ಬಡ ಮೆಕ್ಸಿಕನ್ ಮೂಲದ ಹೆಂಗಸರು. 1930ರ ದಶಕದಲ್ಲಿ ಆರೋಗ್ಯ ನಿಯಮದ ಹೆಸರಲ್ಲಿ ಅವರನ್ನ ಎಬ್ಬಿಸಿದರು. 1977ರಲ್ಲಿ ಅದೇ ಚಿಲಿ ರಾಜ್ಯದ ಅಧಿಕೃತ ತಿನಿಸಾಯ್ತು. ತಿನಿಸಿಗೆ ಗೌರವ ಸಿಕ್ತು, ಮಾಡಿದವರಿಗೆ ಸಿಗಲಿಲ್ಲ. ಪಾಟೋಳೆ ಪುಸ್ತಕ ದೊಡ್ಡದು ಅನ್ನಿಸೋದು ಇಲ್ಲೇ. ಅದು ಅಡುಗೆಯನ್ನ ಮಾಡಿದವರಿಂದ ಬಿಡಿಸಿ ಕೊಡೋದಿಲ್ಲ.

ಹೋದ ಜನವರಿಯಲ್ಲಿ ಗೆಳೆಯನ ಮನೆಗೆ ಹೋದೆ. 2020ರ ಕಾಯ್ದೆ ಬಂದ ಮೇಲೆ ನಮ್ಮ ರಾಜ್ಯದಲ್ಲಿ ಕಡಿಯಲು ಅವಕಾಶ ಇರೋದು 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ. ಮುದಿ ಮಾಂಸ, ಬೇಗ ಬೇಯೋದಿಲ್ಲ. ಅವನ ಅವ್ವ ಅರ್ಧ ಕಿಲೋ ಮಾಂಸಕ್ಕೆ ಅರಿಶಿನ, ಉಪ್ಪು ಹಚ್ಚಿ ಕುಕ್ಕರ್‌ನಲ್ಲಿ ಹತ್ತು ಸೀಟಿ ಹೊಡೆಸಿದರು. ಕೆಂಡದಲ್ಲಿ ಸುಟ್ಟ ಎರಡು ಉಳ್ಳಾಗಡ್ಡಿ, ಒಂದು ಹಿಡಿ ಒಣಕೊಬ್ಬರಿ, ಒಂದು ಗಡ್ಡೆ ಬೆಳ್ಳುಳ್ಳಿ ಅರೆದರು. ಖಾರಕ್ಕೆ ಸಂಕೇಶ್ವರಿ ಮೆಣಸಿನಕಾಯಿ, ಬಣ್ಣಕ್ಕೆ ಬ್ಯಾಡಗಿ. ಕೊನೆಗೆ ಒಂದು ಚಮಚ ಹುರಿದ ಜೋಳದ ಹಿಟ್ಟು ನೀರಲ್ಲಿ ಕದಡಿ ಹಾಕಿದರು. ಟೆಕ್ಸಸ್‌ನ ಮೆಕ್ಕೆಜೋಳ ಮಾಡೋ ಕೆಲಸವನ್ನ ಇಲ್ಲಿ ನಮ್ಮ ಬಿಳಿಜೋಳ ಮಾಡ್ತದೆ.

ತಾಟು ನನ್ನ ಮುಂದಿಡೋ ಮೊದಲು ಅವ್ವ ಕೇಳಿದರು: “ನಿಮ್ಮ ಮನ್ಯಾಗ ಗೊತ್ತೈತೇನಪಾ?”

ಇಲ್ಲ ಅಂದೆ. ಈ ಬರಹ ಮನೆಯವರು ಓದಿದ್ರೆ, ಗೊತ್ತಾಗ್ತದೆ.